ರಾಜರತ್ನಂ ಅವರೂ ನಮ್ಮ ಕರ್ನಾಟಕ ಸಂಘವೂ

ಈ ವರ್ಷದ ಆರಂಭದಲ್ಲಿ ನಾನು ನಮ್ಮ ಕಾಲೇಜಿನ ಕರ್ನಾಟಕ ಸಂಘದ ಕಾರ್ಯದರ್ಶಿಯಾದೆ. ಚುನಾವಣೆ ನಡೆಯಲಿಲ್ಲ. ನಡೆಸುವುದಕ್ಕೆ ಎರಡನೆಯ ಅಭ್ಯರ್ಥಿಯೊಬ್ಬ ಬೇಕಲ್ಲ! ಹಿಂದಿನ ಕಾರ್ಯದರ್ಶಿ ಒಂದು ಲೆಕ್ಕದ ಪುಸ್ತಕವನ್ನೂ ಒಂದು ರಬ್ಬರು ಮೊಹರನ್ನೂ ನನ್ನ ಕೈಗಿತ್ತು, ದೊಡ್ಡ ಭಾರ ಇಳಿಯಿತೆಂಬಂತೆ ಹೊರಟುಹೋದರು. ಅದೇ ತಿಂಗಳು ಸಂಘದ ಬೆನ್ನೆಲುಬಾಗಿದ್ದ ಕನ್ನಡ ಅಧ್ಯಾಪಕರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅವರನ್ನು ಬೀಳ್ಕೊಟ್ಟ ಸಭೆಯೇ ಸಂಘದ ಕೊನೆಯ ಸಭೆಯಾಗುವುದೇನೋ ಎಂದು ನಾವು ಕೆಲವರು ಅಂಜಿದೆವು.

ಆ ದಿನ ಸಂಜೆ ವಿದ್ಯಾರಣ್ಯಪುರದ ಮನೆಗೆ ಬಂದು ತಾತನವರ ಮುಂದೆ ನನ್ನ ಗೋಳನ್ನು ತೋಡಿಕೊಂಡೆ. ನಮ್ಮ ತಾತ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರೂ ಅವರ ಜೊತೆಯವರೂ ಇಲ್ಲಿ ನಿವೇಶನ ಕೊಂಡಾಗ ಸುತ್ತಲೂ ಹೊಲಗಳೇ ಇದ್ದುವಂತೆ. ಅವರು ಸಂತೈಸುವ ಮಾತೇನೂ ಆಡಲಿಲ್ಲ. ಬೀರುವಿನಿಂದ ಒಂದು ತೆಳ್ಳನೆಯ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು. ಅದರ ಮೇಲೆ ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೊಹರು ಇತ್ತು. ಒಳಗೆ ಇದ್ದುದೆಲ್ಲ ವಿದ್ಯಾರ್ಥಿಗಳ ಬರಹವೇ. ತಾತ ಆ ಕಾಲೇಜಿನಲ್ಲಿ ೧೯೫೦ರ ದಶಕದ ಕೊನೆಯಲ್ಲಿ ಬಿ.ಎಸ್‌ಸಿ. ಓದಿದರು. ಭೌತಶಾಸ್ತ್ರದ ಸೂತ್ರಗಳು ಅನೇಕವು ಮರೆತುಹೋಗಿವೆ, ಕನ್ನಡ ಮೇಷ್ಟ್ರು ಮರೆತಿಲ್ಲ ಎಂದು ಅವರು ಹೇಳುವುದುಂಟು. ಆ ಮೇಷ್ಟ್ರೇ ದಿವಂಗತ ಜಿ. ಪಿ. ರಾಜರತ್ನಂ ಅವರು.

ರಾಜರತ್ನಂ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಎರಡು ನೆನಪುಗಳು ಬರುತ್ತವೆ. ಒಂದು, ಶಿಶುವಿಹಾರದಲ್ಲಿ ಕಲಿತ ತುತ್ತೂರಿಯ ಪದ್ಯ. ಇನ್ನೊಂದು, ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಕೇಳಿದ ಹೆಂಡಕುಡುಕ ರತ್ನನ ಪದಗಳು. ಈ ಎರಡರ ನಡುವೆ ಒಬ್ಬ ಕಾಲೇಜು ಅಧ್ಯಾಪಕ ಇದ್ದನೆಂಬುದೂ, ಅವನ ಆಯುಷ್ಯದ ದೊಡ್ಡ ಪಾಲು ಇಂಥ ಸಂಘಗಳ ಲೆಕ್ಕಪತ್ರಗಳಲ್ಲಿ ಕಳೆಯಿತೆಂಬುದೂ ನನಗೆ ಗೊತ್ತಿರಲಿಲ್ಲ. ಅವರ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿ, ತಾತನವರನ್ನು ಕಾಡಿ ಕೇಳಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಜರತ್ನಂ ಅವರ ಪೂರ್ವಿಕರು ತಮಿಳುನಾಡಿನಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲಸಿದ ಅಯ್ಯಂಗಾರರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಡಿಸೆಂಬರ್ ೫ರಂದು ಅವರ ಜನನ. ಮನೆಯವರು ಇಟ್ಟ ಹೆಸರು ರಾಜಯ್ಯಂಗಾರ್. ಲೋಯರ್ ಸೆಕೆಂಡರಿಯಲ್ಲಿ ಓದುತ್ತಿದ್ದ ಹುಡುಗ ಶಾಲೆಯ ಗುಮಾಸ್ತರನ್ನು ಪುಸಲಾಯಿಸಿ ರಿಜಿಸ್ಟರಿನಲ್ಲಿ ತನ್ನ ಹೆಸರನ್ನು ರಾಜರತ್ನಂ ಎಂದು ತಿದ್ದಿಸಿಕೊಂಡನಂತೆ. ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಅಫಿಡವಿಟ್ಟು ಹಿಡಿದುಕೊಂಡು ಅಲೆಯುವ ನಮಗೆ ಇದು ಪುರಾಣದ ಕಥೆಯಂತೆ ಕೇಳಿಸುತ್ತದೆ. ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಅಜ್ಜಿ ಸಾಕಿದರು. ತಂದೆ ಉಪಾಧ್ಯಾಯರು, ಒಳ್ಳೆಯ ಶಿಕ್ಷಕರೆಂದು ಹೆಸರಾದವರು. ಮನೆಯಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ, ಹಣಕ್ಕೆ ಇತ್ತು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ವಿಶ್ವವಿದ್ಯಾನಿಲಯ ಹುಟ್ಟಿ ಹನ್ನೊಂದು ವರ್ಷವಾದ ಮೇಲೆ ನಾಡಿನ ಭಾಷೆಗೆ ಆ ಮಣೆ ದೊರೆಯಿತು! ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳು ಅಲ್ಲಿದ್ದರು. ಆ ಎಂ.ಎ. ಪದವಿಯನ್ನು ಪಡೆದ ಮೊದಲ ಕೆಲವರಲ್ಲಿ ರಾಜರತ್ನಂ ಒಬ್ಬರು. ಆದರೆ ಹೊಸ ಪದವಿಯ ಗೌರವಕ್ಕೆ ತಕ್ಕ ಹೊಸ ಕೆಲಸಗಳು ಹುಟ್ಟಿರಲಿಲ್ಲ. ತಂದೆಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಆ ಮಕ್ಕಳ ನಾಲಗೆಗೆ ಒಗ್ಗುವ ಕನ್ನಡ ಪದ್ಯಗಳು ಸಾಲದೆಂದು ಕಂಡು ತಾವೇ ಬರೆದರು. ಶಿಶುಗೀತೆಗಳು ಬಂದದ್ದು ಹೀಗೆ. ಹೊಟ್ಟೆಪಾಡಿಗೆ ಸೆನ್ಸಸ್ ಕಚೇರಿಯಲ್ಲಿಯೂ ದುಡಿದರು. ಉದ್ಯೋಗ ಅರಸಿ ಹೈದರಾಬಾದಿನವರೆಗೂ ಹೋಗಿಬಂದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅವರಿಗೆ ಬೌದ್ಧಸಾಹಿತ್ಯವನ್ನು ಅಭ್ಯಾಸಮಾಡುವಂತೆ ಸಲಹೆಯಿತ್ತರು. ಕೆಲಸವಿಲ್ಲದವನಿಗೆ ಕೊಡುವ ಸಲಹೆಯೇ ಇದು ಎಂದು ಈಗಿನವರು ನಗಬಹುದು. ರಾಜರತ್ನಂ ನಗಲಿಲ್ಲ. ಪಾಲಿಭಾಷೆಯ ಸಾಹಿತ್ಯದಲ್ಲಿ ಮುಳುಗಿ, ಬುದ್ಧನ ಜೀವನ, ಜಾತಕಕಥೆಗಳು, ಚೀನಾದಿಂದ ಬಂದ ಬೌದ್ಧಯಾತ್ರಿಕರ ವೃತ್ತಾಂತ ಮೊದಲಾದುವನ್ನು ಕನ್ನಡಕ್ಕೆ ತಂದರು.

ಇದೇ ನಿರುದ್ಯೋಗದ ದಿನಗಳಲ್ಲಿ, ೧೯೩೦ರ ದಶಕದ ಮೊದಲ ವರ್ಷಗಳಲ್ಲಿ, ಎಂಡಕುಡುಕ ರತ್ನ ಹುಟ್ಟಿದ. ಹಳೆಯ ಮೈಸೂರು ಸೀಮೆಯ ಅಕ್ಷರವರಿಯದ ಕೂಲಿಯವನು ಆಡುವ ಮಾತಿನಲ್ಲೇ ಪದ್ಯ ಕಟ್ಟಿ, ಅವನ ಬಾಯಿಂದಲೇ ಹೆಂಡತಿ, ದೇವರು, ಕನ್ನಡ ಎಲ್ಲವನ್ನೂ ಕುರಿತು ಹೇಳಿಸಿದ್ದು ಅಂದಿನ ಪಂಡಿತಸಮಾಜಕ್ಕೆ ಸಣ್ಣ ಧಕ್ಕೆಯಲ್ಲ. ಕವಿ ಹೆಂಡವನ್ನು ಮುಟ್ಟಿದವರಲ್ಲ. ಬೌದ್ಧಗ್ರಂಥಗಳನ್ನು ಅನುವಾದಿಸುತ್ತಿದ್ದ ಕೈಯೇ ಹೆಂಡದಂಗಡಿಯ ಮಾತನ್ನೂ ಬರೆಯುತ್ತಿತ್ತು. ಈ ಪದಗಳ ಕಾವ್ಯಗುಣವನ್ನು ವಿಚಾರಿಸುವುದು ನನ್ನ ಅಳವಿಗೆ ಮೀರಿದ್ದು. ಅದನ್ನು ನಮ್ಮ ಕನ್ನಡ ಐಚ್ಛಿಕದ ಗೆಳೆಯರಿಗೆ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

೧೯೩೮ರಲ್ಲಿ ಅವರಿಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಕನ್ನಡ ಪಂಡಿತ. ಕೇಳಲು ಘನವಾಗಿರುವ ಈ ಹೆಸರಿನ ಒಳಗುಟ್ಟು ನಮ್ಮ ಅಧ್ಯಾಪಕರಿಗೆ ತಿಳಿದೇ ಇರುತ್ತದೆ, ವಿದ್ಯಾರ್ಥಿಗಳಿಗಾಗಿ ಎರಡು ಮಾತು ಹೇಳಬೇಕು. ಅಂದಿನ ಕಾಲೇಜುಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲಿಷನ್ನೋ ವಿಜ್ಞಾನವನ್ನೋ ಹೇಳುವವರು ಪ್ರೊಫೆಸರರು, ಲೆಕ್ಚರರರು. ದೇಶಭಾಷೆ ಹೇಳುವವರಲ್ಲಿ ಬಹುಮಂದಿ ಪಂಡಿತರು. ಪಂಡಿತರ ಸಂಬಳವೂ ಕಡಿಮೆ, ಅಧ್ಯಾಪಕವರ್ಗದಲ್ಲಿ ಅವರ ಸ್ಥಾನವೂ ಕೆಳಗೆ. ಎಂ.ಎ. ಮಾಡಿ, ನಾಡಿನಲ್ಲಿ ಕವಿಯೆಂದು ಹೆಸರು ಪಡೆದು, ಏಳೆಂಟು ವರ್ಷ ಅಲೆದ ಮೇಲೆ ರಾಜರತ್ನಂ ಆ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟರು.

ಇನ್ನೊಂದು ವಿಷಯ. ಆಗ ಮೈಸೂರು ವಿಶ್ವವಿದ್ಯಾನಿಲಯವೆಂದರೆ ಒಂದು ಊರಿನ ಒಂದು ಆವರಣವಲ್ಲ. ಅದರ ಕಾಲೇಜುಗಳು ಮೈಸೂರು ಬೆಂಗಳೂರುಗಳಲ್ಲದೆ ಜಿಲ್ಲೆಯ ಊರುಗಳಲ್ಲಿಯೂ ಇದ್ದುವು. ಅಧ್ಯಾಪಕರನ್ನು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗಮಾಡುತ್ತಿದ್ದರು. ರಾಜರತ್ನಂ ಮೈಸೂರು, ತುಮಕೂರು, ಶಿವಮೊಗ್ಗ, ಬೆಂಗಳೂರು ಎಂದು ಹೀಗೆ ಸುತ್ತಿದವರು. ಸಂಸಾರಸ್ಥನಿಗೆ ವರ್ಗವೆಂದರೆ ಏನೆಂಬುದನ್ನು ನಮ್ಮ ಅಧ್ಯಾಪಕರಿಗೆ ನಾನು ವಿವರಿಸಬೇಕಾಗಿಲ್ಲ: ಮಕ್ಕಳ ಶಾಲೆ, ಬಾಡಿಗೆಯ ಮನೆ, ಸಾಮಾನಿನ ಗಂಟು. ರಾಜರತ್ನಂ ಅವರಿಗೆ ಈ ಗಂಟುಗಳ ಜೊತೆಗೆ ಪುಸ್ತಕದ ಗಂಟೂ ಇತ್ತು.

ಅವರು ಹೋದ ಊರಿನಲ್ಲೆಲ್ಲ ಕಾಲೇಜಿನ ಕರ್ನಾಟಕ ಸಂಘವನ್ನು ಕೈಗೆತ್ತಿಕೊಂಡರು. ಸಂಘವೆಂಬುದು ಅವರು ಕಂಡುಹಿಡಿದ ವಸ್ತುವಲ್ಲ. ಸೆಂಟ್ರಲ್ ಕಾಲೇಜಿನ ಸಂಘವನ್ನು ಕಟ್ಟಿದವರು ಎ. ಆರ್. ಕೃಷ್ಣಶಾಸ್ತ್ರಿಗಳು. ಆ ಕಾಲೇಜು ೧೮೫೮ರಲ್ಲಿ ಹೈಸ್ಕೂಲಾಗಿ ಹುಟ್ಟಿ, ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರಾದದ್ದು. ೧೯೧೬ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಮೇಲೆ ಮೈಸೂರಿನ ಮಹಾರಾಜಾ ಕಾಲೇಜು ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನಕ್ಕೂ ಮೀಸಲಾದುವು. ಕನ್ನಡಕ್ಕೆ ಅಷ್ಟಾಗಿ ಎಡೆಯಿಲ್ಲದ ಆ ವಿಜ್ಞಾನದ ಕಾಲೇಜಿನಲ್ಲಿ ಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಂಘ ನಡೆಸಿದರು. ೧೯೧೯ರಲ್ಲಿ ಪ್ರಬುದ್ಧ ಕರ್ನಾಟಕವೆಂಬ ತ್ರೈಮಾಸಿಕವನ್ನೂ ಹೊರಡಿಸಿದರು. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ವಿಜ್ಞಾನವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದವರು. ಕನ್ನಡ ಅಧ್ಯಾಪಕರೂ ಭೌತಶಾಸ್ತ್ರದ ಅಧ್ಯಾಪಕರೂ ಒಂದೇ ಕೆಲಸಕ್ಕೆ ಹೆಗಲು ಕೊಟ್ಟ ಕಾಲ ಅದು. ಪ್ರಬುದ್ಧ ಕರ್ನಾಟಕ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬೆಳೆದು ೨೦೧೯ರಲ್ಲಿ ನೂರು ವರ್ಷ ತುಂಬಿಸಿತು.

ಶಾಸ್ತ್ರಿಗಳ ಸಂಘ ವಿದ್ವತ್ತನ್ನು ಬೆಳೆಸಿತು. ರಾಜರತ್ನಂ ಅವರ ರೀತಿ ಸ್ವಲ್ಪ ಬೇರೆ. ವಿದ್ಯಾರ್ಥಿಗಳು ಬರೆದದ್ದನ್ನೇ ಅಚ್ಚುಹಾಕಿಸಬೇಕು, ಅದನ್ನು ಜನ ದುಡ್ಡು ಕೊಟ್ಟು ಕೊಳ್ಳಬೇಕು ಎಂಬುದು ಅವರ ಹಟ. ಇಪ್ಪತ್ತು ವರ್ಷದ ಹುಡುಗ ಬರೆದ ಪದ್ಯವನ್ನು ಯಾವ ಪ್ರಕಾಶಕ ಮುಟ್ಟುತ್ತಾನೆ? ಸಂಘವೇ ಪ್ರಕಾಶಕನಾಯಿತು. ಸಂಘದಿಂದ ಪುಸ್ತಕದ ಮೇಲೆ ಪುಸ್ತಕ ಹೊರಬಂದುವು. ತಾತನವರ ಬೀರುವಿನಲ್ಲಿದ್ದದ್ದು ಅಂಥದೊಂದು. ಅವರು ಓದುತ್ತಿದ್ದ ವರ್ಷಗಳಲ್ಲಿಯೇ ಕೆ. ಎಸ್. ನಿಸಾರ್ ಅಹಮದ್ ಅವರೂ ಅಲ್ಲಿ ಭೂವಿಜ್ಞಾನದ ವಿದ್ಯಾರ್ಥಿ. ಕಲ್ಲು ಮಣ್ಣುಗಳನ್ನು ಓದಲು ಬಂದ ಹುಡುಗ ಕನ್ನಡದ ಕವಿಯಾಗಿ ಬೆಳೆದದ್ದರ ಹಿಂದೆ ಆ ಕಾಲೇಜಿನ ಕನ್ನಡ ಅಧ್ಯಾಪಕರಿದ್ದರು. ರಾಜರತ್ನಂ ಅವರಲ್ಲಿ ಒಬ್ಬರು. ನಮ್ಮ ತಾತ ಕವಿಯಾಗಲಿಲ್ಲ. ಆದರೂ ಕಾರ್ಖಾನೆಯ ಕನ್ನಡ ರಾಜ್ಯೋತ್ಸವಕ್ಕೆ ಪ್ರತಿವರ್ಷ ಆಹ್ವಾನಪತ್ರಿಕೆಯ ಕರಡು ತಿದ್ದುವ ಕೆಲಸ ಅವರಿಗೇ ಬರುತ್ತಿತ್ತಂತೆ.

ಅಚ್ಚು ಹಾಕಿಸಿದ ಮೇಲೆ ಮಾರುವುದು. ಈ ವಿಷಯದಲ್ಲಿ ರಾಜರತ್ನಂ ಅವರಿಗೆ ಯಾವ ಸಂಕೋಚವೂ ಇರಲಿಲ್ಲವೆಂಬುದು ನಾಡಿಗೆಲ್ಲ ಗೊತ್ತು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮನೆಯಿಂದ ಮನೆಗೆ, ಸಭೆಯಿಂದ ಸಭೆಗೆ ಮಾರಿದವರು ಅವರು. ಕಾಲೇಜಿನ ಅಧ್ಯಾಪಕ ಹೀಗೆ ಮಾರಾಟಕ್ಕಿಳಿಯುವುದು ಘನತೆಗೆ ಕುಂದೆಂದು ಎಣಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ನನಗೂ ಮೊದಲು ಹಾಗೆಯೇ ಅನ್ನಿಸಿತು. ತಾತನವರ ಅಭಿಪ್ರಾಯ ಬೇರೆ. ಮೇಷ್ಟ್ರು ಪುಸ್ತಕ ಮುಂದೆ ಹಿಡಿದರೆ ಇಲ್ಲವೆನ್ನಲು ನಾಲಗೆ ಏಳುತ್ತಿರಲಿಲ್ಲವಂತೆ. ಅವರ ಭಯದಿಂದಲ್ಲ, ಜೊತೆಯಲ್ಲಿ ಕುಳಿತ ಹುಡುಗನ ಹೆಸರು ಅದರಲ್ಲಿ ಅಚ್ಚಾಗಿದೆಯಲ್ಲ ಎಂದು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ರಾಜರತ್ನಂ ನೂರಾರು ಪುಸ್ತಕಗಳನ್ನು ಬರೆದರು. ಅವೆಲ್ಲವೂ ರತ್ನನ ಪದಗಳ ಮಟ್ಟದವಲ್ಲ. ಸಂಘ, ಮುದ್ರಣ, ಮಾರಾಟ, ವಿದ್ಯಾರ್ಥಿಗಳ ಕರಡು ಎಂದು ಅವರು ಕಳೆದ ಹೊತ್ತನ್ನು ತಮ್ಮ ಕಾವ್ಯಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಏಳುತ್ತದೆ. ನನ್ನ ಮಿತ್ರನೊಬ್ಬನು ಇದು ನಷ್ಟವೆಂದೇ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ, ಆದರೆ ಅವನ ವಾದವನ್ನು ಪೂರ್ತಿ ಮುರಿಯಲೂ ನನ್ನಿಂದ ಆಗಿಲ್ಲ. ಇನ್ನೊಂದು ರತ್ನನ ಪದಗಳು ಬಂದಿದ್ದರೆ ಅದನ್ನು ನಾನೂ ಓದುತ್ತಿದ್ದೆ. ಬಾರದೆ ಹೋದುದರ ಬೆಲೆಯನ್ನು ಕಟ್ಟುವುದು ಹೇಗೆ?

ಇನ್ನು ನಮ್ಮ ಸಂಘದ ವಿಚಾರ. ಅಧ್ಯಾಪಕರು ವರ್ಗವಾಗಿ ಹೋದ ಮೇಲೆ ಆಗಸ್ಟಿನಲ್ಲಿ ನಾವು ಕರೆದ ಸಭೆಗೆ ಹನ್ನೊಂದು ಜನ ಬಂದರು. ಅವರಲ್ಲಿ ಇಬ್ಬರು ಮಳೆ ನಿಲ್ಲುವವರೆಗೆ ಮಾತ್ರ ಕುಳಿತಿದ್ದರು. ಕನ್ನಡ ವಿಭಾಗದಲ್ಲಿ ಉಳಿದವರು ಅತಿಥಿ ಉಪನ್ಯಾಸಕಿಯೊಬ್ಬರು. ಅತಿಥಿ ಎಂಬ ಹೆಸರೂ ಪಂಡಿತನೆಂಬ ಹೆಸರಿನ ಹಾಗೆಯೇ, ಕಿವಿಗೆ ಮಾತ್ರ ಇಂಪು. ಮುಂದಿನ ವರ್ಷ ಅವರು ಇಲ್ಲಿ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಇಂಥವರನ್ನು ಸಂಘದ ಭಾರ ಹೊರಿ ಎಂದು ಕೇಳಲು ನನಗೆ ನಾಚಿಕೆಯಾಯಿತು. ನಾನು ಕೇಳುವ ಮೊದಲೇ ಅವರು ತಾತನವರ ಆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುವಿ ನೋಡಿ, ನಾವೂ ಹೀಗೊಂದನ್ನು ಮಾಡೋಣವೆಂದರು.

ಮಾಡಿದೆವು. ಹನ್ನೆರಡು ಮಂದಿ ವಿದ್ಯಾರ್ಥಿಗಳ ಪದ್ಯಗಳು, ಮೂವತ್ತೆರಡು ಪುಟ, ನೂರು ಪ್ರತಿ, ಬೆಲೆ ೫೦ ರೂಪಾಯಿ. ಮುದ್ರಣದ ಖರ್ಚು ೪,೨೦೦ ರೂಪಾಯಿ. ನಲವತ್ತು ಜನರಿಂದ ಐವತ್ತರಂತೆ ಚಂದಾ ಎತ್ತಿ ೨,೦೦೦ ರೂಪಾಯಿ ಮುಂಗಡ ಕೊಟ್ಟೆವು. ಬರೆದವರಿಗೆ ಒಂದೊಂದು ಪ್ರತಿ ಉಚಿತ. ಬಿಡುಗಡೆಯ ದಿನ ಕಾಲೇಜಿನಲ್ಲಿ ಇಪ್ಪತ್ತಮೂರು ಪ್ರತಿಗಳು ಮಾರಿಹೋದುವು. ಮುದ್ರಣಾಲಯದವರಿಗೆ ಇನ್ನೂ ೧,೦೫೦ ರೂಪಾಯಿ ಬಾಕಿ. ಅವರು ಒಳ್ಳೆಯವರು, ದಿನಕ್ಕೆ ಒಂದೇ ಸಲ ಫೋನು ಮಾಡುತ್ತಿದ್ದರು.

ರಾಜರತ್ನಂ ಅವರ ಚೀಲದ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದವನು ನಾನು. ಆದ್ದರಿಂದ ಇಪ್ಪತ್ತು ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಮೆಜೆಸ್ಟಿಕ್ಕಿನಲ್ಲಿ ವಿದ್ಯಾರಣ್ಯಪುರದ ಬಸ್ಸು ಹತ್ತಿದೆ. ಮಲ್ಲೇಶ್ವರ ದಾಟುವಾಗ ಪಕ್ಕದವರನ್ನು ಕೇಳಬೇಕೆಂದುಕೊಂಡೆ. ಯಶವಂತಪುರ ಬರಲಿ ಎಂದುಕೊಂಡೆ. ಮತ್ತಿಕೆರೆಯಲ್ಲಿ ಬಸ್ಸು ತುಂಬಿತು, ಈಗ ಸರಿಯಲ್ಲವೆನಿಸಿತು. ಬಿ.ಇ.ಎಲ್. ಸರ್ಕಲ್ಲಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಮಾರುವವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಉಂಟೆ? ನನ್ನ ಬಾಯಿ ತೆರೆಯಲಿಲ್ಲ. ಇಪ್ಪತ್ತೂ ಪ್ರತಿಗಳು ಮನೆಗೆ ಬಂದುವು. ಎಂ.ಎ. ಪದವೀಧರನಾದ ಕವಿಯೊಬ್ಬ ಅಪರಿಚಿತರ ಮನೆಯ ಬಾಗಿಲು ತಟ್ಟಿ ಪುಸ್ತಕ ಮುಂದೊಡ್ಡಿದ್ದು ಎಂಥ ಕೆಲಸವೆಂಬುದು ಅಂದು ನನಗೆ ತಿಳಿಯಿತು.

ನವೆಂಬರ್ ತಿಂಗಳಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿ ಹುಡುಗರು ರಾಜ್ಯೋತ್ಸವ ಮಾಡಿದರು. ಧ್ವನಿವರ್ಧಕದಲ್ಲಿ ರತ್ನನ ಪದ ಬರುತ್ತಿತ್ತು. ಕೇಳುತ್ತ ನಿಂತಿದ್ದ ಹೂವಿನಮ್ಮನ ಕಡೆ ನೋಡಿ, ಏನಾದರಾಗಲೆಂದು ಒಂದು ಪ್ರತಿಯನ್ನು ಮುಂದೆ ಹಿಡಿದೆ. ಆಕೆ ತನಗೆ ಓದು ಬಾರದೆಂದೂ ಮಗಳು ಪಿ.ಯು.ಸಿ.ಯಲ್ಲಿರುವಳೆಂದೂ ಹೇಳಿ, ಬೆಲೆಯಲ್ಲಿ ಹತ್ತು ರೂಪಾಯಿ ಕಡಿಮೆಮಾಡಲು ಚೌಕಾಶಿ ನಡೆಸಿ, ನಾನು ಒಪ್ಪದಿರಲು ಐವತ್ತನ್ನೇ ಕೊಟ್ಟು ಕೊಂಡಳು. ಆಮೇಲೆ ನನ್ನ ನಾಲಗೆಗೆ ಬಿದ್ದಿದ್ದ ಗಂಟು ಬಿಚ್ಚಿತು. ಆ ರಾತ್ರಿ ಹದಿನಾರು ಪ್ರತಿಗಳು ಖರ್ಚಾದುವು.

ರಾಜರತ್ನಂ ಅವರ ಕಥೆ ಅರ್ಧಕ್ಕೆ ನಿಂತಿತು, ಕ್ಷಮಿಸಬೇಕು. ಅವರು ನಿವೃತ್ತರಾದದ್ದು ೧೯೬೪ರಲ್ಲಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ, ಸೆಂಟ್ರಲ್ ಕಾಲೇಜು ಮೈಸೂರಿನ ಕೈಬಿಟ್ಟು ಅದರ ಕೈ ಸೇರಿತು. ನಿವೃತ್ತಿಯ ಮೇಲೂ ಯು.ಜಿ.ಸಿ. ಅಧ್ಯಾಪಕರಾಗಿ ಅವರು ಪಾಠ ಹೇಳಿದರು. ೧೯೭೭ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪಂಡಿತನೆಂದು ಒಳಕ್ಕೆ ಬಿಟ್ಟುಕೊಂಡ ವಿಶ್ವವಿದ್ಯಾನಿಲಯವೇ ಮೂವತ್ತೊಂಬತ್ತು ವರ್ಷಗ��ಾದ ಮೇಲೆ ಡಾಕ್ಟರೆಂದು ಕರೆಯಿತು. ೧೯೭೮ರಲ್ಲಿ ದೆಹಲಿಯಲ್ಲಿ ಸೇರಿದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ೧೯೭೯ರ ಮಾರ್ಚ್ ೧೩ರಂದು ತೀರಿಕೊಂಡರು.

ಡಿಸೆಂಬರಿನಲ್ಲಿ ತಾತನವರನ್ನು ಕರೆದುಕೊಂಡು ಸೆಂಟ್ರಲ್ ಕಾಲೇಜಿಗೆ ಹೋದೆ. ಈಗ ಅಲ್ಲಿಯೇ ನೆಲದಡಿಯಲ್ಲಿ ಮೆಟ್ರೋ ನಿಲ್ದಾಣವಿದೆ, ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಆವರಣ ಇಂದು ಬೇರೊಂದು ವಿಶ್ವವಿದ್ಯಾನಿಲಯದ್ದು. ಗಡಿಯಾರದ ಗೋಪುರ ಹಾಗೆಯೇ ನಿಂತಿದೆ. ತಾತ ಕಲ್ಲಿನ ಕಟ್ಟಡದ ಮುಂದೆ ಕೋಲೂರಿ ನಿಂತು, ಯಾವ ಕೊಠಡಿಯಲ್ಲಿ ಕನ್ನಡ ತರಗತಿ ನಡೆಯುತ್ತಿತ್ತೆಂದು ತೋರಿಸಲು ಎರಡು ಸಲ ಕೈ ಎತ್ತಿ, ಎರಡು ಸಲವೂ ಬೇರೆ ಬೇರೆ ಕಿಟಕಿಯನ್ನು ತೋರಿಸಿದರು. ಹಿಂದಿರುಗುವಾಗ ಮುದ್ರಣಾಲಯದ ಬಾಕಿ ಎಷ್ಟು ಉಳಿದಿದೆಯೆಂದು ಕೇಳಿದರು. ೨೫೦ ಎಂದೆ. ಮನೆಗೆ ಬಂದು ಐದು ಪ್ರತಿಗಳನ್ನು ಎಣಿಸಿ ತೆಗೆದುಕೊಂಡು ಹಣ ಕೊಟ್ಟರು. ಹಾಗೆಯೇ ದುಡ್ಡು ತೆಗೆದುಕೊಳ್ಳಬಹುದಿತ್ತಲ್ಲ, ಪ್ರತಿಗಳೇಕೆ ಎಂದು ನಾನು ಕೇಳಿದ್ದಕ್ಕೆ, ಮೇಷ್ಟ್ರು ಪುಸ್ತಕ ಕೊಡದೆ ಹಣ ಮುಟ್ಟುತ್ತಿರಲಿಲ್ಲವೆಂದು ನನ್ನನ್ನೇ ಗದರಿಸಿದರು.

ಲೆಕ್ಕದ ಪುಸ್ತಕದಲ್ಲಿ ಎಲ್ಲವನ್ನೂ ಬರೆದು ಉಪನ್ಯಾಸಕಿಯವರಿಗೆ ಒಪ್ಪಿಸಿದ್ದೇನೆ. ಉಳಿದ ನಲವತ್ತನಾಲ್ಕು ಪ್ರತಿಗಳು ಕನ್ನಡ ವಿಭಾಗದ ಬೀರುವಿನಲ್ಲಿವೆ. ಬೀಗದ ಕೈ ಅವರಲ್ಲಿದೆ. ಬೇಕಾದವರು ಐವತ್ತು ರೂಪಾಯಿ ತೆಗೆದುಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಹೋಗಬಹುದು.